ಮೊದಲು ಮೂಳೆ, ಆಮೇಲೆ ಕೀಲು, ಕೊನೆಗೆ ಸ್ನಾಯು: ಮಸಾಜ್ ಕಲಿಯುವವರಿಗೆ ಅಂಗರಚನೆ ಕಲಿಸುವ ನನ್ನ ಅನುಭವ

ಮಸಾಜ್ ಕಲಿಯಲು ಬರುವ ಹೆಚ್ಚಿನವರು ಮೊದಲು ಕೈ ಹಾಕುವುದು ಸ್ನಾಯುಗಳ ಪಟ್ಟಿಗೆ. ಟ್ರೆಪೀಜಿಯಸ್, ರಾಂಬಾಯ್ಡ್, ಲ್ಯಾಟಿಸಿಮಸ್ ಡಾರ್ಸೈ ಎಂದು ಬಾಯಿಪಾಠ ಮಾಡುತ್ತಾರೆ. ಬಣ್ಣದ ಚಿತ್ರದಲ್ಲಿ ತೋರಿಸಿ ಎಂದರೆ ಸರಿಯಾಗಿಯೇ ತೋರಿಸುತ್ತಾರೆ. ಮಂಚದ ಮೇಲೆ ನಿಜವಾದ ಬೆನ್ನೊಂದು ಬೋರಲು ಮಲಗಿದಾಗ ಮಾತ್ರ ಬೆರಳು ಎಲ್ಲಿಡಬೇಕೆಂದು ತೋಚುವುದಿಲ್ಲ. ದೇಹದಲ್ಲಿ 600ಕ್ಕೂ ಹೆಚ್ಚು ಅಸ್ಥಿಸ್ನಾಯುಗಳಿವೆ. ಅವುಗಳ ಹೆಸರು ಹಿಡಿದು ಹೊರಟರೆ ಕೈಗೆ ಯಾವುದೂ ಸಿಗದು.

ಹಾಸನದಲ್ಲಿ ಕಲಿಸುವಾಗ ನಾನು ಇಟ್ಟುಕೊಂಡಿರುವ ಕ್ರಮ ಬೇರೆ. ಮೊದಲು ಬೆರಳಿಗೆ ಮೂಳೆ ಸಿಗಬೇಕು. ಆ ಮೂಳೆ ಪಕ್ಕದ ಮೂಳೆಯ ಮೇಲೆ ಎತ್ತೆತ್ತ ಹೊರಳುತ್ತದೆ ಎಂಬುದನ್ನು ಕೈ ಹಿಡಿದು ನೋಡಬೇಕು. ಇವೆರಡೂ ಆದಮೇಲೆ, ಎಲ್ಲಿಂದ ಎಲ್ಲಿಗೆ ಎಳೆದರೆ ಈ ಚಲನೆ ಆದೀತು ಎಂದು ಕೇಳಿಕೊಂಡರೆ ಸ್ನಾಯು ಇರುವ ಜಾಗ ವಿದ್ಯಾರ್ಥಿಗೇ ಹೊಳೆಯುತ್ತದೆ. ಚರ್ಮ ಜಾರುತ್ತದೆ, ಕೊಬ್ಬು ಒಬ್ಬೊಬ್ಬರಲ್ಲಿ ಒಂದೊಂದು ದಪ್ಪ, ಸ್ನಾಯು ನಿಮಿಷಕ್ಕೊಮ್ಮೆ ಬಿಗಿಯಾಗಿ ಸಡಿಲವಾಗುತ್ತದೆ. ಸ್ಥಳ ಬದಲಿಸದೆ ಇರುವುದು ಮೂಳೆ ಮಾತ್ರ. ಹಾಗಾಗಿ ಅಳತೆಯೆಲ್ಲ ಅಲ್ಲಿಂದಲೇ ಶುರು.

ಇದಕ್ಕೆ ಬೇಕಾದ ಸಾಮಾನು ಕಡಿಮೆ. ಹುಬ್ಬಿಗೆ ಹಚ್ಚುವ ಕಪ್ಪು ಪೆನ್ಸಿಲ್, ಗುರುತು ಒರೆಸಲು ಹತ್ತಿ ಮತ್ತು ಕೊಬ್ಬರಿ ಎಣ್ಣೆ, ಟೈಲರ್ ಅಂಗಡಿಯಲ್ಲಿ ಸಿಗುವ ಒಂದಿಂಚು ಅಗಲದ ಇಲಾಸ್ಟಿಕ್ ಪಟ್ಟಿ, ಎರಡು ಬೆಡ್‌ಶೀಟು. ಪ್ಲಾಸ್ಟಿಕ್ ಅಸ್ಥಿಪಂಜರವಿದ್ದರೆ ಒಳ್ಳೆಯದು, ಇಲ್ಲದಿದ್ದರೂ ಪಾಠ ನಿಲ್ಲುವುದಿಲ್ಲ. ಮಂಚದ ಪಕ್ಕ ನೇರವಾಗಿ ನಿಂತು ಕೈ ಇಳಿಬಿಟ್ಟಾಗ ಮುಷ್ಟಿಯ ಗಿಣ್ಣು ಮಂಚದ ಮೇಲ್ಭಾಗಕ್ಕೆ ತಾಗುವಷ್ಟು ಎತ್ತರ ಇರಲಿ. ಉಗುರು ಬುಡದವರೆಗೆ ಕತ್ತರಿಸಿರಬೇಕು. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ಬೆಳಗಿನ ಹೊತ್ತು ಕೈ ಕೊರೆಯುತ್ತಿರುತ್ತದೆ. ತಣ್ಣನೆಯ ಬೆರಳು ತಾಗಿದ ಕೂಡಲೇ ಕೆಳಗಿನ ಸ್ನಾಯು ಬಿಗಿಯಾಗುವುದರಿಂದ ಬಿಸಿನೀರಲ್ಲಿ ಕೈ ಅದ್ದಿ ಒರೆಸಿಕೊಂಡೇ ಶುರುಮಾಡಿಸುತ್ತೇನೆ. ಮೂಳೆ ಹುಡುಕುವಾಗ ಎಣ್ಣೆ ಹಚ್ಚಿಸುವುದಿಲ್ಲ. ಎಣ್ಣೆಯ ಮೇಲೆ ಬೆರಳು ಜಾರಿ ಅಂಚು ಎಲ್ಲಿ ಮುಗಿಯಿತೆಂಬುದೇ ತಿಳಿಯುವುದಿಲ್ಲ.

ಮುಟ್ಟುವ ರೀತಿಗೂ ನಿಯಮವಿದೆ. ಬೆರಳ ತುದಿಯಿಂದ ಚುಚ್ಚಬಾರದು, ಮೂರು ಬೆರಳುಗಳ ಮೆತ್ತನೆಯ ಭಾಗ ಒರಗಿಸಬೇಕು. ಮೊದಲು ಕೈಯ ತೂಕವಷ್ಟೇ ಸಾಕು. ಮಲಗಿದವರು ಉಸಿರು ಬಿಡುವಾಗ ಸ್ವಲ್ಪ ಇಳಿದು, ಉಸಿರು ಎಳೆದುಕೊಳ್ಳುವಾಗ ಅಲ್ಲೇ ನಿಲ್ಲಬೇಕು. ಆಳಕ್ಕೆ ಹೋಗಬೇಕಾದಾಗ ಒಂದು ಕೈಯ ಮೇಲೆ ಇನ್ನೊಂದನ್ನು ಇಟ್ಟು, ಮೇಲಿನ ಕೈಯಿಂದ ಒತ್ತಿಸುತ್ತೇನೆ. ಕೆಳಗಿನ ಕೈ ಬರೀ ಗಮನಿಸುತ್ತದೆ. ಒಂದೇ ಕೈ ಒತ್ತುತ್ತಾ ಗಮನಿಸುವುದು ಕಷ್ಟ, ಏಕೆಂದರೆ ಒತ್ತುವ ಬೆರಳಿನ ಸ್ವಂತ ಬಿಗಿತವೇ ಅದಕ್ಕೆ ಕೇಳಿಸುತ್ತಿರುತ್ತದೆ. ಯಾವ ಜಾಗ ಮುಟ್ಟುತ್ತೇನೆ, ಯಾಕೆ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯುವುದನ್ನೂ ಈ ನಿಯಮಗಳ ಜೊತೆಗೇ ಕಲಿಸುತ್ತೇನೆ. ಮುಟ್ಟದ ಭಾಗವೆಲ್ಲ ಬೆಡ್‌ಶೀಟಿನ ಕೆಳಗಿರಬೇಕು.

ಮೂಳೆಗಳ ಲೆಕ್ಕ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ದೊಡ್ಡವರಲ್ಲಿ 206 ಮೂಳೆ. ತಲೆಬುರುಡೆ, ಬೆನ್ನುಮೂಳೆ, ಎದೆಗೂಡು ಸೇರಿದ ನಡುಭಾಗದಲ್ಲಿ 80, ಕೈಕಾಲು ಮತ್ತು ಅವನ್ನು ಮುಂಡಕ್ಕೆ ಸೇರಿಸುವ ಭಾಗಗಳಲ್ಲಿ 126. ಒಂದೊಂದು ಕೈಯಲ್ಲಿ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ 27, ಒಂದೊಂದು ಪಾದದಲ್ಲಿ 26. ಎರಡು ಹಸ್ತ, ಎರಡು ಪಾದ ಸೇರಿದರೆ 106 ಆಯಿತು, ಇಡೀ ದೇಹದ ಅರ್ಧಕ್ಕಿಂತ ಹೆಚ್ಚು. ಪಾದದ ಮಸಾಜನ್ನು ಕೊನೆಯ ಎರಡು ನಿಮಿಷದಲ್ಲಿ ತೇಲಿಸಿಬಿಡುವವರಿಗೆ ಈ ಲೆಕ್ಕ ನೆನಪಿರಬೇಕು.

ಮೂಳೆಯ ಬಗ್ಗೆ ಮಸಾಜ್ ಮಾಡುವವರು ತಿಳಿದಿರಲೇಬೇಕಾದ ಇನ್ನೊಂದು ಸಂಗತಿಯೆಂದರೆ ಅದರ ಹೊರಪದರ, ಪೆರಿಯಾಸ್ಟಿಯಮ್. ಇದರ ತುಂಬ ನರದ ತುದಿಗಳು. ಮೂಳೆಗೆ ಪೆಟ್ಟಾದರೆ ಜೀವ ಹೋಗುವಂತೆ ನೋಯುವುದು ಈ ಪದರದಿಂದ. ಮೊಣಕಾಲ ಕೆಳಗೆ ಮುಂಭಾಗದ ಒಳಬದಿಯಲ್ಲಿ ಟಿಬಿಯಾ ಮೂಳೆ ಚರ್ಮದ ಅಡಿಯಲ್ಲೇ ಇದೆ, ನಡುವೆ ಸ್ನಾಯುವಿಲ್ಲ. ಅಲ್ಲಿ ಹೆಬ್ಬೆರಳಿಂದ ಗಟ್ಟಿಯಾಗಿ ತೀಡಿದರೆ ಯಾವ ಸ್ನಾಯುವೂ ಸಡಿಲವಾಗದು, ನೋವಷ್ಟೇ ಬರುತ್ತದೆ. ಕೈ ಒಂದಿಂಚು ಹೊರಗೆ ಸರಿದರೆ ಟಿಬಿಯಾಲಿಸ್ ಆಂಟೀರಿಯರ್ ಸ್ನಾಯು ಸಿಗುತ್ತದೆ. ಪಾದವನ್ನು ಮೇಲಕ್ಕೆತ್ತಿಸಿ ನೋಡಿದರೆ ಅಲ್ಲಿ ಉಬ್ಬುತ್ತದೆ.

ಬೆನ್ನಿನಿಂದ ಶುರುಮಾಡೋಣ. ಕುತ್ತಿಗೆಯಲ್ಲಿ 7 ಕಶೇರುಕ (ಬೆನ್ನುಮೂಳೆಯ ಬಿಡಿ ಮೂಳೆ), ಎದೆಯ ಹಿಂದೆ 12, ಸೊಂಟದಲ್ಲಿ 5, ಅದರ ಕೆಳಗೆ ಐದು ಕೂಡಿ ಒಂದಾದ ಸೇಕ್ರಮ್, ತುದಿಯಲ್ಲಿ ಬಾಲಮೂಳೆ. ಕುತ್ತಿಗೆಯವಕ್ಕೆ ಸಿ, ಎದೆಯವಕ್ಕೆ ಟಿ, ಸೊಂಟದವಕ್ಕೆ ಎಲ್, ಸೇಕ್ರಮ್ಮಿನವಕ್ಕೆ ಎಸ್ ಎಂದು ಮೇಲಿನಿಂದ ಸಂಖ್ಯೆ ಕೊಡುತ್ತಾರೆ. ಎಣಿಸಲು ಮೊದಲ ಗುರುತು ಸಿ 7, ಅಂದರೆ ಕುತ್ತಿಗೆಯ ಕೊನೆಯದು. ಕುಳಿತವರು ತಲೆ ಬಗ್ಗಿಸಿದಾಗ ಹಿಂಗುತ್ತಿಗೆಯ ಬುಡದಲ್ಲಿ ಎರಡು ಗುಬುಟು ಎದ್ದು ಕಾಣುತ್ತವೆ. ಎರಡರ ಮೇಲೂ ಒಂದೊಂದು ಬೆರಳಿಟ್ಟು ತಲೆಯನ್ನು ನಿಧಾನವಾಗಿ ಹಿಂದಕ್ಕೆ ತರಿಸಿ. ಮೇಲಿನದು ಬೆರಳಡಿಯಿಂದ ಮುಂದಕ್ಕೆ ಜಾರಿ ಮಾಯವಾದರೆ ಅದು ಸಿ 6, ಉಳಿದದ್ದು ಸಿ 7. ಕೆಲವರಲ್ಲಿ ಟಿ 1 ಇನ್ನೂ ದಪ್ಪಗಿರುತ್ತದೆ. ಹಾಗಾಗಿ ಬರೀ ಉಬ್ಬು ನೋಡಿ ತೀರ್ಮಾನಿಸದೆ ಈ ಚಲನೆಯನ್ನು ಮಾಡಿಸಿಯೇ ನೋಡಬೇಕು.

ಅಲ್ಲಿಂದ ಕೆಳಗೆ ಒಂದೊಂದಾಗಿ ಎಣಿಸುತ್ತಾ ಪೆನ್ಸಿಲ್ ಗುರುತು ಹಾಕಿಸುತ್ತೇನೆ. ಎಣಿಕೆ ಸರಿಯೇ ಎಂದು ನೋಡಲು ಅಡ್ಡ ಗುರುತುಗಳಿವೆ. ಕೈ ಪಕ್ಕಕ್ಕೆ ಇಳಿಬಿಟ್ಟಾಗ ಭುಜದ ಹಲಗೆಯ ಮೇಲಿರುವ ಅಡ್ಡ ಏಣಿನ ಒಳತುದಿ ಟಿ 3ರ ಮಟ್ಟಕ್ಕೆ ಬರುತ್ತದೆ, ಹಲಗೆಯ ಕೆಳತುದಿ ಟಿ 7ರ ಮಟ್ಟಕ್ಕೆ. ಸೊಂಟದ ಎರಡೂ ಕಡೆ ಕೈಯಿಟ್ಟು ಸೊಂಟದ ಮೂಳೆಯ ಏಣಾದ ಇಲಿಯಾಕ್ ಕ್ರೆಸ್ಟಿನ ಮೇಲಂಚನ್ನು ಹಿಡಿದು ಹೆಬ್ಬೆರಳುಗಳನ್ನು ನಡುವಿಗೆ ತಂದರೆ ಎಲ್ 4ರ ಹತ್ತಿರ ಸೇರುತ್ತವೆ. ಸೊಂಟದ ಕೆಳಗೆ ಎರಡು ಗುಳಿ ಕಾಣುತ್ತವಲ್ಲ, ಅಲ್ಲಿನ ಮೂಳೆಯ ಮೊನೆ ಪಿಎಸ್‌ಐಎಸ್, ಎಸ್ 2ರ ಮಟ್ಟ. ಮೇಲಿನಿಂದ ಎಣಿಸಿದ ಲೆಕ್ಕಕ್ಕೂ ಇದಕ್ಕೂ ಒಂದು ಕಶೇರುಕದ ವ್ಯತ್ಯಾಸ ಬಂದರೆ ಗಾಬರಿ ಬೇಡ. ಸೊಂಟದ ಮೇಲೆ ಕೊಬ್ಬು ದಪ್ಪಗಿದ್ದವರಲ್ಲಿ ಕೈ ಅಂಚಿನ ಮೇಲೆಯೇ ನಿಂತುಬಿಡುವುದರಿಂದ ರೇಖೆ ಎತ್ತರಕ್ಕೆ ಹೋಗುತ್ತದೆ. ಕೈಯನ್ನು ಇನ್ನಷ್ಟು ಒಳಕ್ಕೆ, ಕೆಳಮುಖವಾಗಿ ಒತ್ತಿ ಮತ್ತೆ ನೋಡಿಸುತ್ತೇನೆ. ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮೇಲಿನ ಎಣಿಕೆಯಲ್ಲೇ ಎಲ್ಲೋ ಬಿಟ್ಟುಹೋಗಿದೆ, ಮೊದಲಿಂದ ಎಣಿಸಬೇಕು.

ಈಗ ಕೀಲು. ಮಂಡಿಯಲ್ಲಿ ಬಿಜಾಗರಿ ಕೀಲು, ಸೊಂಟದಲ್ಲಿ ಗುಂಡು ಮತ್ತು ಬಟ್ಟಲಿನ ಕೀಲು ಎಂದು ವಿಧಗಳ ಹೆಸರು ಬರೆಸುವುದು ಬೇಗ ಮುಗಿಯುತ್ತದೆ. ಅದಕ್ಕಿಂತ ಮುಖ್ಯ, ಪ್ರತಿ ಕೀಲು ಎಷ್ಟು ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ, ನಿಲ್ಲಿಸುವುದು ಯಾವುದು ಎಂಬುದು. ಮೊಣಕೈ ನೇರ ಮಾಡಿದಾಗ ಮೂಳೆಗೆ ಮೂಳೆ ತಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಮೊಣಕೈ ಮಡಿಸಿದಾಗ ಮಾಂಸಕ್ಕೆ ಮಾಂಸ ತಾಗಿ ಮೆತ್ತಗೆ ನಿಲ್ಲುತ್ತದೆ. ಅಂಗಾತ ಮಲಗಿಸಿ ನೇರ ಕಾಲನ್ನು ಎತ್ತಿದಾಗ ತೊಡೆಯ ಹಿಂದಿನ ಸ್ನಾಯು ಎಳೆದು ನಿಲ್ಲಿಸುತ್ತದೆ, ಇನ್ನೂ ಸ್ವಲ್ಪ ಹೋಗಬಹುದೇನೋ ಅನ್ನಿಸುವ ಸ್ಪರ್ಶ. ಈ ಮೂರೂ ಕೈಗೆ ಗೊತ್ತಾದವರು ಮೂಳೆ ತಡೆಯುವ ಕಡೆ ಬಲ ಹಾಕಿ ಬಗ್ಗಿಸಲು ಹೋಗುವುದಿಲ್ಲ.

ಕೀಲಿನ ಒಳಗೆ ಮೂಳೆಯ ತುದಿಗೆ ಮೃದ್ವಸ್ಥಿಯ ಹೊದಿಕೆ. ಅದಕ್ಕೆ ಸ್ವಂತ ರಕ್ತನಾಳವಿಲ್ಲ. ಕೀಲು ಅಲ್ಲಾಡಿದಾಗ ಒಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ. ಮೂಳೆಗೆ ಮೂಳೆಯನ್ನು ಕಟ್ಟುವುದು ಅಸ್ಥಿರಜ್ಜು, ಸ್ನಾಯುವನ್ನು ಮೂಳೆಗೆ ಕಟ್ಟುವುದು ಸ್ನಾಯುರಜ್ಜು. ಇವೆರಡಕ್ಕೂ ಸ್ನಾಯುವಿಗಿಂತ ರಕ್ತ ಕಡಿಮೆ. ಕಾಲು ಉಳುಕಿದ್ದು ವಾರಗಟ್ಟಲೆ ಎಳೆಯುವುದು, ತೊಡೆಯ ಮಾಂಸದ ನೋವು ಮೂರು ನಾಲ್ಕು ದಿನದಲ್ಲಿ ಇಳಿಯುವುದು ಇದೇ ಕಾರಣಕ್ಕೆ.

ಬೆನ್ನುಮೂಳೆಯಲ್ಲಿ ಎಲ್ಲ ಭಾಗವೂ ಒಂದೇ ರೀತಿ ತಿರುಗುವುದಿಲ್ಲ. ಕುತ್ತಿಗೆ ಹೊರಳಿಸುವುದರಲ್ಲಿ ಸುಮಾರು ಅರ್ಧ ಮೊದಲ ಎರಡು ಕಶೇರುಕಗಳ ನಡುವೆಯೇ ನಡೆಯುತ್ತದೆ. ಎದೆಯ ಭಾಗ ಪಕ್ಕಕ್ಕೆ ತಿರುಗಬಲ್ಲದು. ಸೊಂಟದ ಐದು ಕಶೇರುಕಗಳ ಕೀಲುಗಳು ನಿಂತಿರುವ ದಿಕ್ಕೇ ಬೇರೆ. ಅವು ಮುಂದೆ ಹಿಂದೆ ಬಾಗಲು ಬಿಡುತ್ತವೆ, ತಿರುಚಲು ಬಹಳ ಕಡಿಮೆ ಬಿಡುತ್ತವೆ. 50 ಕಿಲೋ ಕಾಫಿ ಮೂಟೆಯನ್ನು ಎತ್ತಿ, ಪಾದ ಸರಿಸದೆ ಸೊಂಟ ತಿರುಚಿ ಲಾರಿಗೆ ಹಾಕುವವರಿಗೆ ಸೊಂಟ ಹಿಡಿದುಕೊಳ್ಳುವುದೇಕೆಂದು ಇದರಿಂದ ತಿಳಿಯುತ್ತದೆ. ಅವರಿಗೆ ಮಸಾಜಿನ ಜೊತೆಗೆ ಪಾದವನ್ನೂ ತಿರುಗಿಸಿ ಮೂಟೆ ಹಾಕುವುದನ್ನು ಹೇಳಿಕೊಡದಿದ್ದರೆ ಮುಂದಿನ ವಾರ ಅದೇ ನೋವು ಹೊತ್ತು ಬರುತ್ತಾರೆ.

ಹೆಚ್ಚು ಹೊತ್ತು ಕಲಿಸುವುದು ಭುಜವನ್ನು. ನಮ್ಮ ಕಡೆಯ ಕೆಲಸದ ಮೈಗಳಲ್ಲಿ ಸೊಂಟ ಬಿಟ್ಟರೆ ಹೆಚ್ಚು ದೂರು ಬರುವುದು ಅಲ್ಲಿಂದ. ಸಕಲೇಶಪುರ, ಮೂಡಿಗೆರೆ ಕಡೆ ತೋಟದಲ್ಲಿ ಕಾಫಿ ಹಣ್ಣು ಕೀಳುವವರು ಎದೆಮಟ್ಟದಲ್ಲಿ ಗಂಟೆಗಟ್ಟಲೆ ಕೈ ಚಾಚಿರುತ್ತಾರೆ. ಮೆಣಸು ಕೀಳುವವರು ಏಣಿ ಮೇಲೆ ಒಂದು ಕೈಯಲ್ಲಿ ಹಿಡಿದು ಇನ್ನೊಂದನ್ನು ತಲೆಗಿಂತ ಎತ್ತರಕ್ಕೆ ಒಯ್ಯುತ್ತಾರೆ.

ಎದೆಮೂಳೆಯ ಮೇಲಿನ ಗುಳಿಯಿಂದ ಬೆರಳನ್ನು ಕೊರಳೆಲುಬಿನ ಮೇಲೆ ಹೊರಕ್ಕೆ ಜಾರಿಸಿ. ಮೊದಲು ಮುಂದಕ್ಕೆ ಉಬ್ಬಿ, ಆಮೇಲೆ ಒಳಕ್ಕೆ ಬಾಗಿ ಸಾಗುವ ಮೂಳೆ ಅದು. ತುದಿಯಲ್ಲಿ ಒಂದು ಸಣ್ಣ ಮೆಟ್ಟಿಲು ಸಿಗುತ್ತದೆ, ಅಲ್ಲಿಂದಾಚೆಗೆ ಆಕ್ರೋಮಿಯಾನ್, ಅಂದರೆ ಭುಜದ ಹಲಗೆಯ ಹೊರತುದಿ. ಅದರ ಅಂಚು ಹಿಡಿದು ಹಿಂದಕ್ಕೆ ತಿರುಗಿದರೆ ಭುಜದ ಹಲಗೆಯ ಅಡ್ಡ ಏಣು ಬೆರಳಿಗೆ ಸಿಗುತ್ತದೆ. ಏಣಿನ ಒಳತುದಿಯಿಂದ ಕೆಳಗಿಳಿದರೆ ಒಳ ಅಂಚು, ಅದರ ಕೊನೆಗೆ ಕೆಳತುದಿ. ಅಲ್ಲಿಂದ ವಾಪಸು ಮೇಲಕ್ಕೆ ಏರಿದರೆ ಮೇಲ್ಮೂಲೆ. ಇದನ್ನು ಬೆರಳು ಎತ್ತದೆ ಒಂದೇ ಸುತ್ತಿನಲ್ಲಿ ಮಾಡಿಸುತ್ತೇನೆ. ಒಳ ಅಂಚು ಸಿಗುತ್ತಿಲ್ಲ ಎನ್ನುವವರು ಮಲಗಿದವರ ಕೈಯನ್ನು ಸೊಂಟದ ಹಿಂದೆ ಇಡಿಸಲಿ, ಹಲಗೆಯ ಅಂಚು ತಾನೇ ಎದ್ದು ನಿಲ್ಲುತ್ತದೆ.

ಭುಜದ ಹಲಗೆ ಮುಂಡಕ್ಕೆ ಎಲ್ಲಿ ಅಂಟಿಕೊಂಡಿದೆ ಎಂದು ಕೇಳಿದರೆ ಹೆಚ್ಚಿನವರು ಬೆನ್ನುಮೂಳೆ ತೋರಿಸುತ್ತಾರೆ. ಹಲಗೆಗೂ ಬೆನ್ನುಮೂಳೆಗೂ ಮೂಳೆಯ ಕೀಲು ಯಾವುದೂ ಇಲ್ಲ. ಇಡೀ ತೋಳು ಮುಂಡದ ಮೂಳೆಗೆ ಸೇರುವುದು ಮುಂದೆ ಕೊರಳೆಲುಬು ಎದೆಮೂಳೆಗೆ ತಾಗುವ ಒಂದೇ ಜಾಗದಲ್ಲಿ. ಮಿಕ್ಕಿದ್ದೆಲ್ಲ ಸ್ನಾಯುಗಳ ಹಿಡಿತ. ಕೈಯನ್ನು ಪಕ್ಕದಿಂದ ಪೂರ್ತಿ 180 ಡಿಗ್ರಿ ಎತ್ತಿದಾಗ ಅದರಲ್ಲಿ ಸುಮಾರು 120 ಡಿಗ್ರಿ ಭುಜದ ಗುಂಡು ಕೀಲಿನದು, ಉಳಿದ 60 ಡಿಗ್ರಿ ಹಲಗೆ ಪಕ್ಕೆಲುಬಿನ ಮೇಲೆ ಜಾರಿ ತಿರುಗುವುದರಿಂದ ಬರುವಂಥದ್ದು. ಹಲಗೆಯ ಕೆಳತುದಿಯನ್ನು ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಹಿಡಿದು ಕೈ ಎತ್ತಿಸಿ ನೋಡಿದರೆ ಅದು ಹೊರಕ್ಕೆ ಸಾಗುವುದು ತಿಳಿಯುತ್ತದೆ. ನೋವಿರುವವರಲ್ಲಿ ಹಲಗೆ ತೀರಾ ಬೇಗ ಮೇಲೇಳುತ್ತದೆ, ಭುಜ ಕಿವಿಯ ಕಡೆಗೆ ಹೋಗುತ್ತದೆ. ಎರಡೂ ಬದಿ ಹೋಲಿಸಿಯೇ ಹೇಳಬೇಕು.

ಇಷ್ಟಾದ ಮೇಲೆ ಸ್ನಾಯು. ಹಲಗೆಯ ಮೇಲ್ಮೂಲೆಗೆ ಇಲಾಸ್ಟಿಕ್ ಪಟ್ಟಿಯ ಒಂದು ತುದಿಯನ್ನೂ ಕುತ್ತಿಗೆಯ ಪಕ್ಕ ಮೇಲ್ಭಾಗಕ್ಕೆ ಇನ್ನೊಂದು ತುದಿಯನ್ನೂ ಹಿಡಿಸಿ ಭುಜ ಎತ್ತಿಸುತ್ತೇನೆ. ಪಟ್ಟಿ ಸಡಿಲವಾದರೆ, ಅಲ್ಲಿ ಸ್ನಾಯು ಇದ್ದರೆ ಅದು ಭುಜ ಎತ್ತುವ ಸ್ನಾಯುವೇ. ಅದು ಲಿವೇಟರ್ ಸ್ಕ್ಯಾಪುಲೇ. ಸಿ 1ರಿಂದ ಸಿ 4ರ ಪಕ್ಕದ ಚಾಚುಗಳಿಂದ ಹೊರಟು ಹಲಗೆಯ ಮೇಲ್ಮೂಲೆಗೆ ಬರುತ್ತದೆ. ಇದರ ಕೆಳಭಾಗ, ಹಿಂಗುತ್ತಿಗೆಯಿಂದ ಬೆನ್ನಿನ ಮೇಲೆ ಅಗಲವಾಗಿ ಹಾಸಿರುವ ಟ್ರೆಪೀಜಿಯಸ್ಸಿನ ಅಡಿಯಲ್ಲಿದೆ. ಸುಮ್ಮನೆ ಭುಜ ಎತ್ತಿ ಅಂದರೆ ಎರಡೂ ಒಟ್ಟಿಗೆ ಬಿಗಿಯಾಗಿ ಯಾವುದು ಯಾವುದೆಂದು ತಿಳಿಯದು. ಬೋರಲು ಮಲಗಿದವರ ಕೈಯನ್ನು ಸೊಂಟದ ಹಿಂದೆ ಇಡಿಸಿ, ಭುಜವನ್ನು ಕಿವಿಯ ಕಡೆಗೆ ಚಿಕ್ಕದಾಗಿ, ಬೇಗ ಬೇಗ ಎತ್ತಿ ಇಳಿಸಲು ಹೇಳಬೇಕು. ಆ ಭಂಗಿಯಲ್ಲಿ ಟ್ರೆಪೀಜಿಯಸ್ ಹೆಚ್ಚುಕಡಿಮೆ ಸುಮ್ಮನಿರುತ್ತದೆ, ಮೇಲ್ಮೂಲೆಯ ಹತ್ತಿರ ಬೆರಳಡಿಯಲ್ಲಿ ಲಿವೇಟರ್ ಮಾತ್ರ ಮಿಡಿಯುತ್ತದೆ. ಜೋರಾಗಿ ಎತ್ತಿಸಿದರೆ ಟ್ರೆಪೀಜಿಯಸ್ ಮತ್ತೆ ಎದ್ದು ಕೆಲಸ ಕೆಡುತ್ತದೆ.

ರಾಂಬಾಯ್ಡಿಗೂ ಇದೇ ಭಂಗಿ. ಸೊಂಟದ ಹಿಂದಿನ ಕೈಯನ್ನು ಬೆನ್ನಿನಿಂದ ಒಂದಿಷ್ಟು ಮೇಲೆತ್ತಲು ಹೇಳಿದರೆ ಸಿ 7ರಿಂದ ಟಿ 5ರ ವರೆಗಿನ ಮೂಳೆಯಿಂದ ಓರೆಯಾಗಿ ಕೆಳಕ್ಕಿಳಿದು ಹಲಗೆಯ ಒಳ ಅಂಚಿಗೆ ಸೇರುವ ನಾರುಗಳು ಬಿಗಿಯುತ್ತವೆ. ಅದರ ಮೇಲೆಯೇ ಹಾಸಿರುವ ಟ್ರೆಪೀಜಿಯಸ್ಸಿನ ನಡುಭಾಗದ ನಾರು ಅಡ್ಡಕ್ಕೆ, ಕೆಳಭಾಗದ್ದು ಮೇಲ್ಮುಖವಾಗಿ ಸಾಗುತ್ತದೆ. ಒಂದೇ ಜಾಗದಲ್ಲಿ ಎರಡು ಪದರ, ಎರಡು ದಿಕ್ಕು. ತೀಡುವ ದಿಕ್ಕನ್ನು ಯಾವ ಪದರಕ್ಕೆ ಎಂದು ಮೊದಲೇ ಮನಸ್ಸಿನಲ್ಲಿ ಮಾಡಿಕೊಳ್ಳದೆ ಕೈ ಓಡಿಸಿದರೆ ಎಣ್ಣೆ ಸವರಿದಂತಾಗುತ್ತದೆ, ಅಷ್ಟೇ.

ಹಲಗೆಯ ಏಣಿನ ಮೇಲಿನ ತಗ್ಗಿನಲ್ಲಿ ಸುಪ್ರಾಸ್ಪೈನೇಟಸ್, ಕೆಳಗಿನ ಅಗಲ ಜಾಗದಲ್ಲಿ ಇನ್‌ಫ್ರಾಸ್ಪೈನೇಟಸ್. ಮೊದಲನೆಯದಕ್ಕೆ ಕೈಯನ್ನು ಪಕ್ಕದಿಂದ ನಾಲ್ಕು ಬೆರಳಿನಷ್ಟು ಮಾತ್ರ ಎತ್ತಿಸಿ, ಎರಡನೆಯದಕ್ಕೆ ಮೊಣಕೈ ಪಕ್ಕೆಗೆ ಅಂಟಿಸಿ ಮುಂಗೈಯನ್ನು ಹೊರಕ್ಕೆ ತಿರುಗಿಸಿ. ಇವುಗಳೊಡನೆ ಟೆರೆಸ್ ಮೈನರ್, ಹಲಗೆಯ ಒಳಮುಖದ ಸಬ್‌ಸ್ಕ್ಯಾಪುಲಾರಿಸ್ ಸೇರಿ ರೊಟೇಟರ್ ಕಫ್. ಭುಜದ ಬಟ್ಟಲು ಆಳವಿಲ್ಲದ್ದು, ತೋಳಿನ ಮೂಳೆ ಹ್ಯೂಮರಸ್ಸಿನ ತಲೆ ದೊಡ್ಡದು. ಆ ತಲೆಯನ್ನು ಬಟ್ಟಲಿನ ನಡುವಿಗೆ ಹಿಡಿದಿಡುವುದು ಈ ನಾಲ್ಕರ ಕೆಲಸ. ಪ್ರತಿರೋಧ ಕೊಡುವಾಗ ಪೂರ್ತಿ ಬಲದ ಐದನೇ ಒಂದು ಭಾಗ ಸಾಕು. ಹೆಚ್ಚು ಬಲ ಕೇಳಿದರೆ ಭುಜವನ್ನು ಹೊದ್ದಿರುವ ಡೆಲ್ಟಾಯ್ಡ್ ಸ್ನಾಯು ಎದ್ದು ಕೆಳಗಿನದನ್ನು ಮುಚ್ಚಿಬಿಡುತ್ತದೆ.

ಇಲ್ಲಿಯೇ ಗಂಟುಗಳ ವಿಷಯ ಹೇಳಬೇಕು. ಬೆರಳಿಗೆ ಗಟ್ಟಿಯಾಗಿ ಸಿಕ್ಕಿದ್ದೆಲ್ಲ ಗಂಟಲ್ಲ. ಭುಜದ ಹಲಗೆಯ ಒಳ ಅಂಚಿನ ಸುತ್ತಮುತ್ತ ಪಕ್ಕೆಲುಬು ಬಾಗುವ ಜಾಗಗಳು ಸಾಲಾಗಿ ಉಬ್ಬಿರುತ್ತವೆ. ಲಿವೇಟರಿನ ಕೆಳತುದಿ ಆರೋಗ್ಯವಂತರಲ್ಲೂ ಬೆರಳಡಿಯಲ್ಲಿ ಟಕ್ ಎಂದು ಜಾರುತ್ತದೆ. ಕಿವಿಯ ಕೆಳಗೆ, ದವಡೆಯ ಮೂಲೆಗೂ ಹಿಂದಿನ ಉಬ್ಬುಮೂಳೆಗೂ ನಡುವೆ ಸಿಗುವ ಗಟ್ಟಿ ಬಿಂದು ಮೊದಲ ಕಶೇರುಕದ ಪಕ್ಕದ ಚಾಚು, ಅದನ್ನು ಒತ್ತಲೇಬಾರದು. ಕಂಕುಳಲ್ಲಿ, ಕುತ್ತಿಗೆಯ ಬದಿಯಲ್ಲಿ ಕಡಲೆಕಾಳಿನಷ್ಟು ಜಾರುವುದು ದುಗ್ಧಗ್ರಂಥಿ ಇರಬಹುದು. ನಾನು ಹೇಳಿಕೊಡುವ ಪರೀಕ್ಷೆ ಮೂರು ಹಂತದ್ದು: ಇನ್ನೊಂದು ಬದಿಯಲ್ಲೂ ಅದೇ ಜಾಗದಲ್ಲಿ ಇದೆಯೇ ನೋಡಿ, ಪಕ್ಕದ ಕೀಲು ಅಲ್ಲಾಡಿಸಿದಾಗ ಅದು ಮೂಳೆಯ ಜೊತೆ ಚಲಿಸುತ್ತದೆಯೇ ನೋಡಿ, ಸ್ನಾಯುವನ್ನು ಬಿಗಿ ಮಾಡಿಸಿದಾಗ ಬದಲಾಗುತ್ತದೆಯೇ ನೋಡಿ. ಬಿಗಿ ಮಾಡಿದರೂ ಸಡಿಲ ಬಿಟ್ಟರೂ ಹಾಗೇ ಇರುವುದನ್ನು ತೀಡಿ ಕರಗಿಸಲು ಹೋಗಬಾರದು.

ಕೈಯನ್ನು ಬೇಗ ಮುಗಿಸಬಹುದು. ಮೊಣಕೈಯ ಒಳಗುಬ್ಬಿಯಿಂದ ಬೆರಳು ಮಡಿಸುವ ಸ್ನಾಯುಗಳು, ಹೊರಗುಬ್ಬಿಯಿಂದ ಬೆರಳು ಬಿಡಿಸುವ ಸ್ನಾಯುಗಳು ಹೊರಡುತ್ತವೆ. ಒಳಗುಬ್ಬಿಯ ಹಿಂದಿನ ಸಂದಿಯಲ್ಲಿ ಅಲ್ನಾರ್ ನರ ಇದೆ, ಅಲ್ಲಿ ಬೆರಳು ಬೇಡ. ಕಾಫಿ ಹಣ್ಣನ್ನು ಹೆಬ್ಬೆರಳು ತೋರುಬೆರಳ ನಡುವೆ ತಿರುವಿ ಕೀಳುವವರಿಗೆ ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಬದಿಯಲ್ಲಿ ನೋವು ಬರುತ್ತದೆ. ಹೆಬ್ಬೆರಳನ್ನು ಹಿಂದಕ್ಕೆ ಬಿಡಿಸಿದಾಗ ಅಲ್ಲೊಂದು ಗುಳಿ ಬೀಳುತ್ತದೆ, ಅದರ ತಳದಲ್ಲಿ ಸ್ಕೇಫಾಯ್ಡ್ ಮೂಳೆ. ಅಂಚಿನ ಎರಡು ಸ್ನಾಯುರಜ್ಜುಗಳು ಊದಿಕೊಂಡಿದ್ದರೆ ಅವುಗಳ ಮೇಲೆ ತೀಡದೆ ಮುಂಗೈಯಲ್ಲಿ ಅವುಗಳ ಸ್ನಾಯು ಇರುವ ಕಡೆ ಕೆಲಸ ಮಾಡಬೇಕು. ಕೈಯೂರಿ ಬಿದ್ದವರಿಗೆ ಆ ಗುಳಿಯ ತಳ ಒತ್ತಿದಾಗ ನೋವಿದ್ದರೆ ಸ್ಕೇಫಾಯ್ಡ್ ಮುರಿದಿರುವ ಅನುಮಾನವಿದೆ, ಎಕ್ಸ್‌ರೇ ಆಗದೆ ಮುಟ್ಟಬಾರದು.

ಸೊಂಟಕ್ಕೆ ಬರೋಣ. ಬೆನ್ನುಮೂಳೆಯ ಎರಡೂ ಬದಿಗೆ ಉದ್ದಕ್ಕೆ ಸಾಗುವುದು ಎರೆಕ್ಟರ್ ಸ್ಪೈನೇ. ಬೋರಲು ಮಲಗಿದವರು ತಲೆ, ಎದೆ ಸ್ವಲ್ಪ ಎತ್ತಿದರೆ ಉಬ್ಬುತ್ತದೆ. ಅದರ ಹೊರ ಅಂಚಿನಾಚೆ, 12ನೇ ಪಕ್ಕೆಲುಬಿಗೂ ಇಲಿಯಾಕ್ ಕ್ರೆಸ್ಟಿಗೂ ನಡುವೆ ಕ್ವಾಡ್ರೇಟಸ್ ಲಂಬೋರಮ್. ಇದನ್ನು ಮೇಲಿನಿಂದ ನೇರ ಒತ್ತಿದರೆ ಸಿಗದು, ಪಕ್ಕದಿಂದ ಬೆನ್ನುಮೂಳೆಯ ಕಡೆಗೆ ಒತ್ತಿ, ಆ ಬದಿಯ ಸೊಂಟವನ್ನು ಪಕ್ಕೆಲುಬಿನ ಕಡೆಗೆ ಎಳೆದುಕೊಳ್ಳಲು ಹೇಳಬೇಕು. ಕೊನೆಯ ಪಕ್ಕೆಲುಬಿನ ತುದಿಗೆ ಬಲ ಬೀಳಬಾರದು, ಮೂತ್ರಪಿಂಡ ಅಲ್ಲೇ ಇದೆ.

ಆಲೂಗಡ್ಡೆ, ಶುಂಠಿ ಕೀಳುವವರ ಸೊಂಟನೋವಿಗೆ ಎರೆಕ್ಟರನ್ನು ಮಾತ್ರ ತೀಡುವುದು ಸಾಲದು. ಪೂರ್ತಿ ಬಗ್ಗಿ ನಿಂತಾಗ ಆ ಸ್ನಾಯು ಬಿಗಿಯುವುದನ್ನೇ ನಿಲ್ಲಿಸುತ್ತದೆ, ಭಾರವೆಲ್ಲ ಅಸ್ಥಿರಜ್ಜುಗಳ ಮೇಲೆ ಬೀಳುತ್ತದೆ. ಗಂಟೆಗಟ್ಟಲೆ ಹಾಗೆ ಎಳೆಸಿಕೊಂಡ ರಜ್ಜು ನಿಧಾನವಾಗಿ ಸಡಿಲವಾಗುತ್ತದೆ. ಆ ಸ್ಥಿತಿಯಲ್ಲಿ ಒಮ್ಮೆಲೇ ಎದ್ದು ಭಾರ ಎತ್ತುವುದೇ ಅಪಾಯ. ಇಂಥವರಿಗೆ ಸೇಕ್ರಮ್ ಅಂಚು, ಪಿಎಸ್‌ಐಎಸ್ ಸುತ್ತ ಅಂಗೈಯಿಂದ ಹಗುರ ಕೆಲಸ, ಪೃಷ್ಠದ ಗ್ಲೂಟಿಯಸ್ ಸ್ನಾಯುಗಳಿಗೆ ಹೆಚ್ಚು ಸಮಯ ಕೊಡುತ್ತೇನೆ. ಬಗ್ಗಿ ಎದ್ದಮೇಲೆ ಮೂಟೆ ಮುಟ್ಟುವ ಮುನ್ನ ಸ್ವಲ್ಪ ಹೊತ್ತು ಓಡಾಡಿ ಎಂದು ಹೇಳಿ ಕಳಿಸುತ್ತೇನೆ.

ಸೊಂಟದ ಓರೆ ನೋಡಲು ಕಲಿಸುವುದಕ್ಕೆ ಬೇಲೂರಿನ ಮದನಿಕೆಯರಿಗಿಂತ ಒಳ್ಳೆಯ ಚಿತ್ರ ನನಗೆ ಸಿಕ್ಕಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಆ ತ್ರಿಭಂಗಿಯ ಮೂರ್ತಿಗಳಲ್ಲಿ ಮೈಭಾರ ಒಂದು ಕಾಲಿನ ಮೇಲೆ, ಆ ಬದಿಯ ಸೊಂಟ ಹೊರಚಾಚಿ ಎತ್ತರದಲ್ಲಿ, ಇನ್ನೊಂದು ಮಂಡಿ ಮಡಿಸಿ ಆ ಬದಿ ತಗ್ಗಿನಲ್ಲಿ. ಸೊಂಟದ ಬೆನ್ನುಮೂಳೆ ಎತ್ತರದ ಬದಿಗೆ ಬಾಗಿ ಅಲ್ಲಿಯ ಕ್ವಾಡ್ರೇಟಸ್ ಮೊಟಕಾಗುತ್ತದೆ, ಅದೇ ಬದಿಯ ಗ್ಲೂಟಿಯಸ್ ಮೀಡಿಯಸ್ ಎಳೆದುಕೊಂಡಿರುತ್ತದೆ. ಮಗುವನ್ನು ಯಾವಾಗಲೂ ಒಂದೇ ಬದಿಗೆ ಎತ್ತಿಕೊಳ್ಳುವ ತಾಯಂದಿರ ನಿಲುವೂ ಇದೇ. ಮೊಟಕಾದದ್ದನ್ನು ನಿಧಾನ ಉದ್ದ ತೀಡಿ ಸಡಿಲಿಸಬೇಕು. ಎಳೆದುಕೊಂಡೇ ಇರುವುದನ್ನು ಮತ್ತಷ್ಟು ಎಳೆಯದೆ ಬಲ ಬರುವ ವ್ಯಾಯಾಮ ಹೇಳಿಕೊಡಬೇಕು. ನೋವು ಎರಡರಲ್ಲೂ ಇರುತ್ತದೆ, ಮಾಡುವ ಕೆಲಸ ಮಾತ್ರ ಬೇರೆ.

ಕಾಲಿಗೆ ಕೂರುವ ಮೂಳೆಯೇ ಮೊದಲ ಗುರುತು. ವಿದ್ಯಾರ್ಥಿ ತನ್ನ ಅಂಗೈಗಳ ಮೇಲೆ ತಾನೇ ಕುಳಿತು ಅದನ್ನು ಕಂಡುಕೊಳ್ಳಲಿ, ಇನ್ನೊಬ್ಬರಲ್ಲಿ ಹುಡುಕುವುದು ಆಮೇಲೆ. ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಗುಂಪು ಅಲ್ಲಿಂದ ಹೊರಡುತ್ತದೆ. ಮಂಡಿ ಮಡಿಸಲು ಹೇಳಿ ತಡೆದರೆ ಮಂಡಿಯ ಹಿಂದೆ ಹೊರಗೆ ಒಂದು, ಒಳಗೆ ಎರಡು ರಜ್ಜು ಎದ್ದು ನಿಲ್ಲುತ್ತವೆ. ಹೊರಗಿನದು ಬೈಸೆಪ್ಸ್ ಫೆಮೊರಿಸ್, ಅದು ಸೇರುವುದು ಮೊಣಕಾಲ ಕೆಳಗೆ ಹೊರಬದಿಯ ತೆಳು ಮೂಳೆ ಫಿಬುಲಾದ ತಲೆಗೆ. ಫಿಬುಲಾದ ಕುತ್ತಿಗೆಯನ್ನು ಸುತ್ತಿ ಪೆರೋನಿಯಲ್ ನರ ಚರ್ಮದ ಹತ್ತಿರವೇ ಸಾಗುತ್ತದೆ, ಅಲ್ಲಿ ಒತ್ತಿದರೆ ಪಾದ ಜೋಮು ಹಿಡಿಯುತ್ತದೆ.

ಪೃಷ್ಠದ ಆಳದಲ್ಲಿರುವ ಪಿರಿಫಾರ್ಮಿಸ್ ಸ್ನಾಯು ಹುಡುಕಲು ಪಿಎಸ್‌ಐಎಸ್‌ಗೂ ಬಾಲಮೂಳೆಯ ತುದಿಗೂ ನಡುಬಿಂದು ಗುರುತಿಸಿ, ಅಲ್ಲಿಂದ ತೊಡೆಯ ಹೊರಬದಿಯ ದೊಡ್ಡ ಗುಬುಟು ಗ್ರೇಟರ್ ಟ್ರೊಕ್ಯಾಂಟರಿಗೆ ಗೆರೆ ಎಳೆಯಿರಿ. ಬೋರಲು ಮಲಗಿಸಿ ಮಂಡಿಯನ್ನು 90 ಡಿಗ್ರಿ ಮಡಿಸಿ, ಪಾದವನ್ನು ಇನ್ನೊಂದು ಕಾಲಿನ ಕಡೆಗೆ ತರಲು ಹೇಳಿ ಹಗುರವಾಗಿ ತಡೆದರೆ ಗೆರೆಯ ಮೇಲೆ ಬಿಗಿತ ಸಿಗುತ್ತದೆ. ಕಾಲಿಗೆ ಇಳಿಯುವ ದಪ್ಪ ಸಯಾಟಿಕ್ ನರ ಹೆಚ್ಚಿನವರಲ್ಲಿ ಇದರ ಕೆಳಗಿನಿಂದ ಹೊರಬರುತ್ತದೆ. ಕಾಲಿನುದ್ದಕ್ಕೆ ಕರೆಂಟ್ ಹೊಡೆದಂತಾಯಿತು ಎಂದರೆ ಕೂಡಲೇ ಕೈ ತೆಗೆಯಬೇಕು.

ಮೀನಖಂಡದಲ್ಲಿ ಎರಡು ಸ್ನಾಯು ಒಂದರ ಮೇಲೊಂದು. ಮೇಲಿನ ಗ್ಯಾಸ್ಟ್ರೊಕ್ನೀಮಿಯಸ್ ಮಂಡಿಯನ್ನೂ ದಾಟುತ್ತದೆ, ಕೆಳಗಿನ ಸೋಲಿಯಸ್ ದಾಟುವುದಿಲ್ಲ. ಹಾಗಾಗಿ ಮಂಡಿ ಮಡಿಸಿದರೆ ಮೇಲಿನದು ಸಡಿಲವಾಗುತ್ತದೆ, ಆಗ ಪಾದವನ್ನು ಕೆಳಕ್ಕೆ ಒತ್ತಿಸಿದರೆ ಸೋಲಿಯಸ್ ಒಂದೇ ಕೈಗೆ ಸಿಗುತ್ತದೆ. ಎರಡು ಕೀಲು ದಾಟುವ ಸ್ನಾಯು, ಒಂದು ಕೀಲು ದಾಟುವ ಸ್ನಾಯು ಎಂಬ ಭೇದ ಇಲ್ಲಿ ಕಲಿತಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಲಿಯಲಾಗದು.

ಶ್ರವಣಬೆಳಗೊಳದ ಬೆಟ್ಟ ಹತ್ತಿಳಿದವರಿಗೆ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಿಂದ ನಡೆದು ಬಂದವರಿಗೆ ಮಾರನೆಯ ದಿನ ತೊಡೆಯ ಮುಂಭಾಗ ಹಿಡಿದುಕೊಳ್ಳುತ್ತದೆ. ಹತ್ತಿದ್ದರಿಂದಲೇ ಎಂದು ಅವರು ಅಂದುಕೊಂಡಿರುತ್ತಾರೆ. ಹೆಚ್ಚು ನೋವು ತರುವುದು ಇಳಿಯುವಿಕೆ. ಇಳಿಯುವಾಗ ಕ್ವಾಡ್ರಿಸೆಪ್ಸ್ ಉದ್ದವಾಗುತ್ತಲೇ ಬಲ ಹಾಕಿ ಮೈಯನ್ನು ತಡೆಯಬೇಕಾಗುತ್ತದೆ, ಆಗ ನಾರುಗಳಲ್ಲಿ ಸೂಕ್ಷ್ಮ ಹಾನಿಯಾಗುತ್ತದೆ. 24ರಿಂದ 72 ಗಂಟೆಯೊಳಗೆ ನೋವು ಏರಿ ತಾನೇ ಇಳಿಯುತ್ತದೆ. ಆ ಅವಧಿಯಲ್ಲಿ ಆಳದ ಒತ್ತಡ ಬೇಡ, ಅಂಗೈಯಿಂದ ಹಗುರವಾಗಿ ಮಂಡಿಯಿಂದ ಮೇಲಕ್ಕೆ ತೀಡಿದರೆ ಸಾಕು.

ಒತ್ತಬಾರದ ಜಾಗಗಳ ನಕ್ಷೆಯನ್ನು ಪ್ರತಿಯೊಬ್ಬರೂ ಕೈಯಾರೆ ಬರೆಯಬೇಕು: ಕುತ್ತಿಗೆಯ ಮುಂಭಾಗ, ಕಂಕುಳ ಒಳಭಾಗ, ಮೊಣಕೈಯ ಒಳಮಡಿಕೆ, ತೊಡೆಸಂದು, ಮಂಡಿಯ ಹಿಂದಿನ ಗುಳಿ. ರಕ್ತನಾಳ ಮತ್ತು ನರ ಅಲ್ಲಿ ಸ್ನಾಯುವಿನ ರಕ್ಷಣೆಯಿಲ್ಲದೆ ಸಾಗುತ್ತವೆ. ಬೆರಳಡಿ ನಾಡಿ ಬಡಿದರೆ ಕೈ ಸರಿಸಿ. ಒಂದೇ ಮೀನಖಂಡ ಊದಿಕೊಂಡು, ಬಿಸಿಯಾಗಿ, ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅಲ್ಲಿ ತೀಡಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ, ನೇರ ಆಸ್ಪತ್ರೆಗೆ ಕಳಿಸಬೇಕು. ಸೊಂಟನೋವಿನ ಜೊತೆ ತೊಡೆಸಂದಿನ ಸುತ್ತ ಜೋಮು, ಮೂತ್ರ ಹಿಡಿತ ತಪ್ಪುವುದು, ಕಾಲಿನ ಬಲ ಕುಂದುವುದು ಕಂಡರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಮೂಳೆ ಸವೆದ ವಯಸ್ಸಾದವರ ಪಕ್ಕೆಲುಬಿನ ಮೇಲೆ ಮೈಭಾರ ಹಾಕಿ ಒತ್ತಬಾರದು.

ಮಸಾಜ್ ಮಾಡುವವರ ಕೀಲುಗಳೂ ಮೂಳೆಯವೇ. ಹೆಬ್ಬೆರಳ ಬುಡದ ಕೀಲು ಬಹಳ ದಿಕ್ಕಿಗೆ ತಿರುಗುತ್ತದೆ, ಹಾಗಾಗಿಯೇ ಭಾರ ತಡೆಯುವ ಶಕ್ತಿ ಕಡಿಮೆ. ಹೆಬ್ಬೆರಳು ಹಿಂದಕ್ಕೆ ಬಾಗುವಂತೆ ಒತ್ತುವ ಅಭ್ಯಾಸವನ್ನು ಮೊದಲ ದಿನವೇ ಬಿಡಿಸುತ್ತೇನೆ. ಹೆಬ್ಬೆರಳು, ಮಣಿಕಟ್ಟು, ಮೊಣಕೈ, ಭುಜ ಒಂದೇ ಗೆರೆಯಲ್ಲಿ ಬಂದು ಮೈಭಾರ ಅದರ ಮೂಲಕ ಇಳಿಯಬೇಕು. ದೊಡ್ಡ ಸ್ನಾಯುಗಳಿಗೆ ಮುಂಗೈ ಬಳಸಬೇಕು. ಬಲ ತೋಳಿನಿಂದ ಬರುತ್ತಿದೆಯೋ ಮುಂದಿನ ಕಾಲಿಗೆ ಮೈಭಾರ ಸರಿಸುವುದರಿಂದ ಬರುತ್ತಿದೆಯೋ ಎಂದು ಪಕ್ಕದಲ್ಲಿ ನಿಂತು ನೋಡುತ್ತೇನೆ.

ಪ್ರತಿಯೊಬ್ಬರಿಗೂ ಒಂದು ಕಾರ್ಡ್ ಬರೆಸುತ್ತೇನೆ, ಅದರಲ್ಲೂ ಇದೇ ಕ್ರಮ. ಮೊದಲ ಸಾಲಿನಲ್ಲಿ ಮೂಳೆ: ನೋವು ಯಾವ ಗುರುತಿನಿಂದ ಎಷ್ಟು ಬೆರಳು ದೂರ. ಎರಡನೆಯದರಲ್ಲಿ ಕೀಲು: ಕೈ ಎಷ್ಟು ಡಿಗ್ರಿ ಎತ್ತಿದಾಗ ನೋವು ಶುರುವಾಯಿತು, ಇನ್ನೊಂದು ಬದಿ ಎಷ್ಟು. ಮೂರನೆಯದರಲ್ಲಿ ಸ್ನಾಯು: ಯಾವುದನ್ನು ಬಿಗಿ ಮಾಡಿಸಿದಾಗ ನೋಯಿತು, ಯಾವುದನ್ನು ಎಳೆದಾಗ ನೋಯಿತು. ಮಸಾಜ್ ಮುಗಿದ ಮೇಲೆ ಅದೇ ಚಲನೆಗಳನ್ನು ಮತ್ತೆ ಮಾಡಿಸಿ ಪಕ್ಕದಲ್ಲಿ ಬರೆಯಬೇಕು. ಸ್ವಲ್ಪ ಹಗುರವಾಯ್ತು ಅಕ್ಕಾ ಎಂದು ಅವರು ಹೇಳಿದ ಮಾತಿನ ಜೊತೆಗೆ ಕೈ 100 ಡಿಗ್ರಿಯಿಂದ 120ಕ್ಕೆ ಹೋಯಿತೋ ಇಲ್ಲವೋ ಎಂಬುದೂ ಕಾರ್ಡಿನಲ್ಲಿರಬೇಕು. ಎರಡು ಮೂರು ಸಲ ಕೆಲಸ ಮಾಡಿದ ಮೇಲೂ ಆ ಸಂಖ್ಯೆ ಅಲ್ಲಾಡದಿದ್ದರೆ ನಾವು ಹಿಡಿದ ಸ್ನಾಯು ಬೇರೆ ಇರಬಹುದು ಅಥವಾ ತೊಂದರೆ ಕೀಲಿನ ಒಳಗಿರಬಹುದು. ಆಗ ಕಾರ್ಡನ್ನು ಅವರ ಕೈಗೇ ಕೊಟ್ಟು ಮೂಳೆ ವೈದ್ಯರಿಗೆ ತೋರಿಸಲು ಹೇಳುತ್ತೇವೆ.